ಬಾಗಿಲಿರುವ ಫೋನು

ಮಹಾರಾಣಿಪೇಟ, ವಿಶಾಖಪಟ್ಟಣ
12 ಫೆಬ್ರವರಿ 1990

ಕಮಲಾ,

ಮನೆಯಲ್ಲಿ ಫೋನಿಟ್ಟುಕೊಂಡು ಕಾಗದ ಬರೆಯುವ ಗತಿ ತಂದಿಟ್ಟೆಯಲ್ಲೇ ನನಗೆ. ನಿನ್ನೆ ಭಾನುವಾರ ನಾನು ಬಾಯಿ ತೆಗೆಯುವಷ್ಟರಲ್ಲಿ, "ಅಕ್ಕ, ಮೀಟರ್ ಓಡ್ತಿದೆ, ಏನಿದ್ರೂ ಬರಿ" ಅಂತ ಇಟ್ಟೇಬಿಟ್ಟೆ. ಬರಿಯಂತೆ. ನಾಲ್ಕನೇ ಕ್ಲಾಸಿನಲ್ಲಿ ನನ್ನ ಸ್ಲೇಟು ಕಸಿದುಕೊಂಡು ಅಮ್ಮ ನಿನ್ನ ತೊಟ್ಟಿಲ ಹಗ್ಗ ಕೈಗೆ ಕೊಟ್ಟಳು. ನೀನು ಮಲಗಿದೆ, ಬೆಳೆದೆ, ಇಂಟರ್ ಓದಿದೆ. ತುಮಕೂರಿನಲ್ಲಿ ತೊಟ್ಟಿಲು ತೂಗಿದ ಕೈಗೆ ಇವತ್ತು ಪೆನ್ನು ಹಿಡಿ ಅನ್ನುತ್ತೀಯ. ಈ ಪೆನ್ನು ನಿನ್ನ ಮಗಳದು, ಇಂಕು ಸೋರಿ ಬೆರಳೆಲ್ಲ ನೀಲಿಯಾಗಿದೆ. ಅಕ್ಷರ ತಪ್ಪಿದ್ದರೆ ನೀನೇ ತಿದ್ದಿಕೊಂಡು ಓದು.

ವಿಷಯ ಅದೇ ಮಗಳದು, ಪದ್ಮಾಳದು. ಫೋನು ನಡುಮನೆಯಲ್ಲಿ, ಅವಳೂ ನಡುಮನೆಯಲ್ಲಿ. ಅವಳ ಕಿವಿಯ ಪಕ್ಕದಲ್ಲಿ ಅವಳ ಮೇಲೆ ದೂರು ಹೇಗೆ ಹೇಳಲಿ? ಅದಕ್ಕೇ ಈ ಶಿಕ್ಷೆ.

ಬ್ಯಾಂಕಿನಿಂದ ಆರರೊಳಗೆ ಮನೆ ಸೇರುತ್ತಿದ್ದ ಹುಡುಗಿ ಈಗ ದೀಪ ಹಚ್ಚಿದ ಮೇಲೆ ಬರುತ್ತಾಳೆ. ಎಲ್ಲಿದ್ದೆ ಅಂದರೆ, "ಹೈಮಕ್ಕನ ಹತ್ರ ಕೂತಿದ್ದೆ ದೊಡ್ಡಮ್ಮ." ಯಾರು ಈ ಹೈಮಕ್ಕ? ಬೀದಿಯ ತಿರುವಿನಲ್ಲಿ ಇಸ್ತ್ರಿಯವನ ಗಾಡಿ ನಿಲ್ಲುತ್ತಿತ್ತಲ್ಲ, ಸಂಕ್ರಾಂತಿಗೆ ಅಲ್ಲಿ ಎಸ್‌ಟಿಡಿ ಬೂತು ತೆರೆದಿದ್ದಾರೆ. ಹಳದಿ ಬೋರ್ಡು. ಅದರ ಒಡತಿ ಹೈಮಾವತಿ. ಒಂದು ಕಾಲು ಸಣ್ಣದು, ಎಳೆದು ನಡೆಯುತ್ತಾಳೆ, ಆ ಕೋಟಾದಲ್ಲೇ ಸಿಕ್ಕಿದ್ದಂತೆ. ಒಳಗೆ ಬೆಂಚು, ಮೇಲೆ ಫ್ಯಾನು, ಮೂಲೆಯಲ್ಲಿ ಪ್ಲೈವುಡ್ಡಿನ ಗೂಡು, ಅದಕ್ಕೆ ಗಾಜಿನ ಬಾಗಿಲು. ಒಬ್ಬರು ಹೊಕ್ಕು ಬಾಗಿಲು ಎಳೆದುಕೊಂಡರೆ ಹೊರಗಿನವರಿಗೆ ತುಟಿ ಮಾತ್ರ ಕಾಣುತ್ತದೆ. ಬೀದಿಗೆ ಬೀದಿಯೇ ಅಲ್ಲಿ ಹೋಗಿ ಬಿದ್ದಿದೆ.

ನಿನಗೆ ಗೊತ್ತಿರುವುದೇ, ಆದರೂ ಹೇಳುತ್ತೇನೆ, ಏಕೆಂದರೆ ಎಲ್ಲರಿಗೂ ಮರೆತುಹೋಗಿದೆ. ಈ ಬೀದಿಗೆ ಫೋನು ಅಂತ ತಂದವರು ನಿಮ್ಮ ಭಾವ. ಬಂದರಿನಲ್ಲಿ ಕ್ರೇನು ಕೆಟ್ಟು ನಿಂತರೆ ಕರೆಸಬೇಕು ಅಂತ ಆಫೀಸಿನವರೇ ಹಾಕಿಸಿಕೊಟ್ಟರು. ಅವರು ಹೋದ ಮೇಲೆ ನನ್ನ ಹೆಸರಿಗೆ ಮಾಡಿಸಿಕೊಂಡು ಉಳಿಸಿದವಳು ನಾನು. ಬೀದಿಯವರು ನೆಂಟರಿಗೆ, ಆಸ್ಪತ್ರೆಗೆ, ಗಂಡು ನೋಡುವವರಿಗೆ ಕೊಟ್ಟಿದ್ದೆಲ್ಲ ನನ್ನ ನಂಬರು. ಫೋನು ಬಂದರೆ ಮಹಡಿ ಕಂಬಿಗೆ ನೇತುಹಾಕಿದ ಹಿತ್ತಾಳೆ ತಟ್ಟೆಗೆ ಸೌಟಿನಿಂದ ಬಡಿಯಬೇಕು. ಲಕ್ಷ್ಮೀಕಾಂತಮ್ಮನಿಗೆ ಒಂದೇಟು, ಎದುರುಮನೆ ಮೇಷ್ಟರಿಗೆ ಎರಡು, ಮೂಲೆಮನೆ ಗಂಗಾಭವಾನಿಗೆ ಮೂರು. ಏಟು ಕೇಳಿ ಅವರು ಓಡಿಬರಬೇಕು. ಹಾಲು ಉಕ್ಕಿದರೂ ಬಿಟ್ಟು ಹೋಗಿ ಬಡಿದಿದ್ದೇನೆ. ಜ್ವರ ಬಂದಾಗ ಬಡಿದಿದ್ದೇನೆ. ಬೈದುಕೊಂಡೇ ಬಡಿದಿದ್ದೇನೆ, ಅದು ಬೇರೆ ಮಾತು. ಬಡಿಯದೆ ಇದ್ದ ದಿನವಿಲ್ಲ.

ಈಗ ಫೋನು ದಿನವಿಡೀ ಸುಮ್ಮನೆ ಕೂತಿರುತ್ತದೆ, ನನ್ನ ಹಾಗೆ.

ನಿನ್ನ ಮಗಳಿಗೆ ಬುದ್ಧಿ ಹೇಳು. ನಮ್ಮ ಮನೆಯಲ್ಲಿ ಬಿಟ್ಟಿ ಫೋನಿರುವಾಗ ಬಾಡಿಗೆ ಫೋನಿನ ಬಾಗಿಲಲ್ಲಿ ಕೂರುವುದು ನನಗೆ ಅವಮಾನ. ನಿಮ್ಮೆಜಮಾನರ ಬ್ಯಾಂಕಿನವರೊಬ್ಬರು ವಿಜಯವಾಡಕ್ಕೆ ಹೊರಟಿದ್ದಾರೆ, ಅವರ ಕೈಲಿ ಅನಕಾಪಲ್ಲಿ ಬೆಲ್ಲ ಕಳಿಸಿದ್ದೇನೆ. ಅಚ್ಚು ಒಡೆಯದಂತೆ ಇಳಿಸಿಕೊ.

ನಿನ್ನ ಅಕ್ಕ
ಅನಸೂಯಾ


ವಿಶಾಖಪಟ್ಟಣ
10 ಮಾರ್ಚ್ 1990

ಕಮಲಾ,

ಬೆಲ್ಲ ತಲುಪಿತು ಅಂತ ನೀನು ಪದ್ಮಾಳಿಗೆ ಹೇಳಿದೆ, ನನಗೆ ಹೇಳಲಿಲ್ಲ. ಯಾವಾಗ ಹೇಳಿದೆ ಅಂತ ಯೋಚಿಸಿದೆ. ಭಾನುವಾರದ ಫೋನಿನಲ್ಲಿ ಬೆಲ್ಲದ ಸುದ್ದಿಯೇ ಬರಲಿಲ್ಲವಲ್ಲ. ಈಗ ಗೊತ್ತಾಯಿತು.

ನಿನ್ನೆ ಸಂಜೆ ಅವಳನ್ನು ಕರೆತರೋಣ ಅಂತ ನಾನೇ ಬೂತಿಗೆ ಹೋದೆ. ಒಳಗೆ ಕಾಲಿಡಲಿಲ್ಲ, ಮೆಟ್ಟಿಲ ಕೆಳಗೆ ನಿಂತೆ. ನಿನ್ನ ಮಗಳು ಗಾಜಿನ ಗೂಡಿನೊಳಗೆ ಇದ್ದಳು. ರಿಸೀವರನ್ನು ಕೆನ್ನೆಗೆ ಒತ್ತಿಕೊಂಡು ನಗುತ್ತಿದ್ದಳು. ಆಮೇಲೆ ಕಣ್ಣು ಒರೆಸಿಕೊಂಡಳು, ಮತ್ತೆ ನಕ್ಕಳು. ನನ್ನ ಮನೆಯಲ್ಲಿ ಅವಳು ಹಾಗೆ ಮಾತಾಡಿದ್ದನ್ನು ನಾನು ಕಂಡಿಲ್ಲ. ನನ್ನ ಮನೆಯಲ್ಲಿ "ಹೂಂ", "ಸರಿ", "ಆಯ್ತಮ್ಮ", ಇಷ್ಟೇ. ಯಾವನೋ ಹುಡುಗನಿರಬೇಕು ಅಂದುಕೊಂಡೆ. ನಿನಗೆ ಏನು ಉತ್ತರ ಹೇಳಲಿ ಕಣೇ?

ಹೊರಗೆ ಬಂದಳು. ಆ ಹೈಮಾವತಿ ಕೂತಲ್ಲಿಂದಲೇ ಕೇಳಿದಳು, "ಅಮ್ಮ ಹೇಗಿದಾರೆ? ಕಾಲುನೋವು ಕಡಿಮೆ ಆಯ್ತಾ?"

ಅಮ್ಮ! ಒಳಗೆ ಮಾತಾಡಿದ್ದು ನಿನ್ನ ಜೊತೆ. ನಿನಗೆ ಕಾಲುನೋವು ಅಂತ ಬೂತಿನವಳಿಗೆ ಗೊತ್ತು, ಒಡಹುಟ್ಟಿದವಳಿಗೆ ಗೊತ್ತಿಲ್ಲ. ಹುಡುಗನಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ದಾರಿಯಲ್ಲಿ ಕೇಳಿದೆ. "ಎಷ್ಟು ದಿನದಿಂದ?"

"ಬೂತು ಬಂದಾಗಿನಿಂದ" ಅಂದಳು. ಅಮ್ಮನೇ ಶುಕ್ರವಾರ ಇಲ್ಲಿಗೆ ಮಾಡುತ್ತಾಳೆ, ತಾನು ಹೋಗಿ ಕಾಯುತ್ತೇನೆ ಅಂದಳು. ಬಂದ ಫೋನು ತೆಗೆಯುವುದಕ್ಕೆ ಹೈಮಾವತಿಗೆ ಒಂದು ರೂಪಾಯಿಯಂತೆ.

"ಮನೇಲಿ ಪುಕ್ಕಟೆ ಇದೆಯಲ್ಲೇ?"

"ಅದಕ್ಕೇ ದೊಡ್ಡಮ್ಮ" ಅಂದಳು. ಏನು ಅರ್ಥ ಇದಕ್ಕೆ? ಕೇಳಿದರೆ ಬಾಯಿ ಬಿಡಲಿಲ್ಲ. ನಿನ್ನ ಮಗಳ ಮೌನ ನಿನ್ನದೇ ಮೌನ, ಎರಡನ್ನೂ ನಾನೇ ಹಾಲು ಕುಡಿಸಿ ಬೆಳೆಸಿದ್ದು.

ಭಾನುವಾರದ ಎರಡು ನಿಮಿಷ ನನಗೆ. ಶುಕ್ರವಾರದ ಅರ್ಧ ಗಂಟೆ ಬೂತಿಗೆ. ಇಷ್ಟು ದಿನ ಭಾನುವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಫೋನಿನ ಪಕ್ಕ ಕುರ್ಚಿ ಎಳೆದುಕೊಂಡು ಕೂರುತ್ತಿದ್ದೆನಲ್ಲ, ಯಾರ ಎಂಜಲಿಗೆ ಅಂತ ಈಗ ತಿಳಿಯಿತು.

ಮನೆಗೆ ಬಂದವಳೇ ಕಂಬಿಯಿಂದ ಹಿತ್ತಾಳೆ ತಟ್ಟೆ ಇಳಿಸಿದೆ. ತಟ್ಟೆ ಎಲ್ಲಿ ಅಂತ ಯಾರಾದರೂ ಬಂದು ಕೇಳಲಿ, ಮುಖದ ಮೇಲೆ ಹೇಳುತ್ತೇನೆ ಅಂತ ಕಾದೆ. ಬೆಳಿಗ್ಗೆ ಲಕ್ಷ್ಮೀಕಾಂತಮ್ಮ ಅದರ ಕೆಳಗೇ ಹಾದುಹೋದಳು. ಮೇಷ್ಟರು ಹೋದರು. ತಲೆ ಎತ್ತಿ ನೋಡಲಿಲ್ಲ ಯಾರೂ.

ನನ್ನ ಮನೆಯಲ್ಲಿ ಮಾತಾಡಲು ನಿನಗೆ ಏನು ಅಡ್ಡಿ, ಬರೆದು ತಿಳಿಸು.

ಅನಸೂಯಾ


ಭವಾನಿಪುರಂ, ವಿಜಯವಾಡ
20 ಮಾರ್ಚ್ 1990

ಅಕ್ಕನಿಗೆ ಕಮಲಾಳ ನಮಸ್ಕಾರ.

ಕೇಳಿದ್ದೀಯ, ಹೇಳುತ್ತೇನೆ. ಕೋಪ ಬಂದರೆ ಈ ಕಾಗದವನ್ನು ಫೋನಿನ ಹಾಗೆ ಕುಕ್ಕಲು ಆಗುವುದಿಲ್ಲ, ಅದಕ್ಕೇ ಬರಿ ಅಂದದ್ದು.

ಕಳೆದ ದೀಪಾವಳಿ ಆದ ವಾರ ನೆನಪಿದೆಯಾ? ಬಳ್ಳಾರಿಯ ಗಂಡಿನ ಕಡೆಯವರು ಪದ್ಮಾಳನ್ನು ಬೇಡ ಅಂದರು ಅಂತ ಹೇಳಲು ನಾನು ಫೋನು ಮಾಡಿದೆ. ಹೆದರಿಕೊಂಡು ಮಾಡಿದೆ. ಮೆಲ್ಲಗೆ ಹೇಳಿದೆ, ಅವಳು ಬ್ಯಾಂಕಿನಲ್ಲಿದ್ದಳು, ನಾಳೆ ಮತ್ತೆ ಮಾಡಿ ಅವಳಿಗೆ ನಾನೇ ಹೇಳುತ್ತೇನೆ ಅಂದೆ. ನೀನು ಮೊದಲು ಕೂಗಿದೆ, "ಏನು, ಬೇಡ ಅಂದ್ರಾ? ಬಣ್ಣ ಕಡಿಮೆ ಅಂದ್ರಾ?" ನಿನ್ನ ಹೊಸ್ತಿಲ ಮೇಲೆ ಮೇಷ್ಟರ ಹೆಂಡತಿ ತನ್ನ ಫೋನಿಗೆ ಕಾಯುತ್ತ ನಿಂತಿದ್ದಳಂತೆ, ಗಂಗಾಭವಾನಿಯೂ ಇದ್ದಳಂತೆ. ಮರುದಿನ ನಲ್ಲಿಯ ಹತ್ತಿರ ಲಕ್ಷ್ಮೀಕಾಂತಮ್ಮ ಪದ್ಮಾಳ ಗಲ್ಲ ಹಿಡಿದು "ಬೇರೆ ಒಳ್ಳೆ ಸಂಬಂಧ ಬರ್ತದೆ ಬಿಡಮ್ಮ" ಅಂದಳಂತೆ. ನನ್ನ ಮಗಳಿಗೆ ಆ ಸುದ್ದಿಯನ್ನು ನಾನು ಹೇಳಲೇ ಇಲ್ಲ ಅಕ್ಕ. ನಲ್ಲಿಯ ಹತ್ತಿರ ಕೇಳಿಸಿಕೊಂಡಳು.

ನೀನು ಕೆಟ್ಟವಳು ಅಂತ ನಾನು ಅನ್ನುವುದಿಲ್ಲ. ಆದರೆ ಅವಳು ಫೋನು ಹಿಡಿದರೆ ನೀನು ಹಿಂದೆ ನಿಲ್ಲುತ್ತೀಯ. ನಾನು ಅವಳನ್ನು "ಊಟ ಮಾಡಿದೆಯಾ" ಅಂದರೆ "ನಾನೇನು ಉಪವಾಸ ಕೆಡವಿದೀನಾ" ಅಂತ ನೀನು ಉತ್ತರ ಹೇಳುತ್ತೀಯ. ಬೂತಿನಲ್ಲಿ ದುಡ್ಡು ಕೊಡುತ್ತೇವೆ, ಬಾಗಿಲು ಹಾಕಿಕೊಳ್ಳುತ್ತೇವೆ, ಯಾರಿಗೂ ಏನೂ ಹೇಳಬೇಕಾಗಿಲ್ಲ.

ಮತ್ತೊಂದು ವಿಷಯ. ವನಿತೆಯರ ಹಾಸ್ಟೆಲೊಂದರಲ್ಲಿ ಜುಲೈ ಒಂದರಿಂದ ಅವಳಿಗೆ ಜಾಗ ಸಿಗುತ್ತದೆ. ಅವಳ ಬ್ಯಾಂಕಿಗೆ ಹತ್ತಿರ. ಅವಳಾಗಿ ಕೇಳಿದ್ದು, ನಾನು ಬೇಡ ಅನ್ನಲಿಲ್ಲ. ನಿನಗೆ ಎದುರು ನಿಂತು ಹೇಳಲು ಅವಳಿಗೆ ಧೈರ್ಯವಿಲ್ಲ. ನನಗೂ ಇರಲಿಲ್ಲ.

ಕಾಲುನೋವು ಹೆಚ್ಚೇನಲ್ಲ.

ಕಮಲಾ


ವಿಶಾಖಪಟ್ಟಣ
11 ಏಪ್ರಿಲ್ 1990

ಕಮಲಾ,

ನಿನ್ನ ಕಾಗದವನ್ನು ಕುಕ್ಕಲಾಗಲಿಲ್ಲ, ನಿಜ. ಅಕ್ಕಿ ಡಬ್ಬದ ಕೆಳಗೆ ಇಟ್ಟಿದ್ದೆ. ಮೂರು ಸಲ ತೆಗೆದು ಓದಿ ಮತ್ತೆ ಇಟ್ಟೆ.

ಕೂಗಿದೆ, ಹೌದು. ನೀನು ಪಿಸುಗುಟ್ಟಿದರೆ ನನಗೆ ಹೇಗೆ ಕೇಳಬೇಕು? ಆಗ ಲೈನು ಕರಕರ ಅನ್ನುತ್ತಿತ್ತು. ಇಷ್ಟು ವರ್ಷ ಫೋನಿನಲ್ಲಿ ಕೂಗಿ ಕೂಗಿ ನನ್ನ ಗಂಟಲೇ ಹಾಗಾಗಿದೆ. ಯಾರ ಸಲುವಾಗಿ ಕೂಗಿದೆ ಅಂತ ಕೇಳಿಕೊ. ಮೇಷ್ಟರ ಮಗನಿಗೆ ಕೆಲಸ ಸಿಕ್ಕಿದ್ದು ನನ್ನ ಗಂಟಲಿನಿಂದ ಬೀದಿಗೆ ಗೊತ್ತಾಯಿತು. ಗಂಗಾಭವಾನಿಗೆ ಮೊಮ್ಮಗ ಹುಟ್ಟಿದ್ದು ನಾನೇ ಕೂಗಿ ಹೇಳಿದ್ದು, ಅವತ್ತು ಇಡೀ ಬೀದಿ ಕೈತಟ್ಟಿತು. ಒಳ್ಳೆಯದಕ್ಕೆ ನನ್ನ ಗಂಟಲು ಬೇಕು, ಕೆಟ್ಟದ್ದಕ್ಕೆ ಗಾಜಿನ ಬಾಗಿಲು ಬೇಕು.

ನಲ್ಲಿಯ ಹತ್ತಿರ ಲಕ್ಷ್ಮೀಕಾಂತಮ್ಮ ಹಾಗನ್ನುತ್ತಾಳೆ ಅಂತ ನಾನು ಕನಸು ಕಂಡಿದ್ದೆನೇ? ಪದ್ಮಾ ಅವತ್ತು ತಲೆನೋವು ಅಂತ ಊಟ ಬಿಟ್ಟಳು. ನಾನು ಅಮೃತಾಂಜನ ಹಚ್ಚಿದೆ. ಹಚ್ಚುವಾಗ ಅವಳು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಹೋಗಿ ಆ ಹೈಮಾವತಿಗೆ ಹೇಳಿದ್ದಾಳೆ, ಖಂಡಿತ ಹೇಳಿದ್ದಾಳೆ. ಏನಿದೆ ಅವಳಲ್ಲಿ? ಅವಳು ಏನೂ ಕೇಳುವುದಿಲ್ಲವಂತೆ, ಅದೇ ದೊಡ್ಡಸ್ತಿಕೆಯಂತೆ. ಕೇಳದೆ ಇರುವುದೂ ಒಂದು ಗುಣವಾಯಿತೇ? ನಾನು ಕೇಳುತ್ತೇನೆ. ನನ್ನವರು ಅಂದುಕೊಂಡವರನ್ನು ಕೇಳುತ್ತೇನೆ.

ಫೋನಿಗೆ ಬೀಗ ಹಾಕಿದ್ದೇನೆ. ಡಯಲಿನ ತೂತಿಗೆ ಹಾಕುತ್ತಾರಲ್ಲ, ಆ ಸಣ್ಣ ಬೀಗ. ಕೀಲಿ ನನ್ನ ಸೊಂಟದಲ್ಲಿದೆ. ಯಾರಾದರೂ ಬಂದು ಕೇಳಿದರೆ ಇಲ್ಲ ಅನ್ನಬೇಕು ಅಂತಲೇ ಹಾಕಿದ್ದು. ಕೇಳುವವರು ಬಂದರೆ ತಾನೆ.

ಈ ಬೀದಿಯಲ್ಲಿ ಆವಕಾಯ ಹಾಕುವ ದಿನಗಳು ಶುರುವಾಗಿವೆ. ಮೂರನೇ ದಿನ ಕಲಸಿ ಜಾಡಿ ತೆರೆದ ಕೂಡಲೇ ಮೊದಲ ಬಟ್ಟಲು ಫೋನಿನ ಮನೆಗೆ ಬರಬೇಕು, ಅದು ಇಲ್ಲಿಯ ಪದ್ಧತಿಯಾಗಿತ್ತು. ಹೋದ ವರ್ಷ ಒಂಬತ್ತು ಮನೆಯ ಉಪ್ಪಿನಕಾಯಿ ನನ್ನ ಗೂಡಿನಲ್ಲಿತ್ತು, ತಿನ್ನಲಾರದೆ ನಿನಗೆ ಕಳಿಸಿದ್ದೆ. ಈ ಸಲ ನಿನ್ನೆ ಲಕ್ಷ್ಮೀಕಾಂತಮ್ಮ ಬಟ್ಟಲಿಗೆ ಎಲೆ ಮುಚ್ಚಿಕೊಂಡು ನಮ್ಮ ಬಾಗಿಲ ಮುಂದೆ ಬಂದಳು. ನಾನು ಎದ್ದು ಸೆರಗು ಸರಿಮಾಡಿಕೊಂಡೆ. ಅವಳು ನಕ್ಕು ಮುಂದೆ ಹೋದಳು. ಬೂತಿಗೆ. ನಾನು ಎದ್ದು ನಿಂತದ್ದನ್ನು ಪದ್ಮಾ ನೋಡಿದಳು. ನೋಡಬಾರದಿತ್ತು.

ಹಾಸ್ಟೆಲಿಗೆ ಕಳಿಸು. ಧಾರಾಳವಾಗಿ ಕಳಿಸು. ಅಲ್ಲಿ ನೀರು ಸಾರು ಉಣ್ಣಲಿ, ಇನ್ನೊಬ್ಬರ ಗೊರಕೆ ಕೇಳಿಕೊಂಡು ಮಲಗಲಿ. ನನಗೇನೂ ಇಲ್ಲ. ನೀನೂ ಇನ್ನು ಮೇಲೆ ಭಾನುವಾರ ಫೋನು ಮಾಡಬೇಡ. ಆ ಎರಡು ನಿಮಿಷದ ದಾನ ನನಗೆ ಬೇಡ. ತಲೆಗೆ ಬೇರೆ ವಾರ ನೀರು ಹಾಕಿಕೊಳ್ಳುತ್ತೇನೆ.

ಅನಸೂಯಾ


ವಿಜಯವಾಡ
24 ಏಪ್ರಿಲ್ 1990

ಅಕ್ಕ,

ಸರಿ. ಮಾಡುವುದಿಲ್ಲ.

ಪದ್ಮಾಳಿಗೆ ಮೇ ಮೊದಲ ವಾರ ರಜ ಸಿಕ್ಕಿದೆ. ಇಲ್ಲಿಗೆ ಬರುತ್ತಾಳೆ. ಹಾಸ್ಟೆಲಿಗೆ ಬೇಕಾದ ಟ್ರಂಕು ಇಲ್ಲಿಂದಲೇ ತರುತ್ತಾಳೆ, ನಿನ್ನದು ಕೊಡುವುದು ಬೇಡ.

ಕಮಲಾ


ವಿಶಾಖಪಟ್ಟಣ
15 ಮೇ 1990

ಕಮಲಾ,

ಈ ಕಾಗದ ಯಾವಾಗ ತಲುಪುತ್ತದೋ. ರೈಲು ಹಳಿ ಕೊಚ್ಚಿಹೋಗಿದೆ, ಟಪಾಲು ಲಾರಿಯಲ್ಲಿ ಬರುತ್ತಿದೆ ಅನ್ನುತ್ತಾರೆ. ಫೋನಿನಲ್ಲಿ ಎಲ್ಲ ಆಡಿದ್ದೇವೆ, ಆದರೂ ಬರೆಯುತ್ತಿದ್ದೇನೆ. ಬೂತಿನ ಗೂಡಿನೊಳಗೆ ನಾನು ಆಡಿದ್ದೇನು ಅಂತ ನನಗೇ ನೆನಪಿಲ್ಲ, ಆಡದೆ ಬಿಟ್ಟದ್ದು ನೆನಪಿದೆ.

ತುಫಾನು ನಿಮ್ಮ ಕಡೆ ನುಗ್ಗಿದ ದಿನ ನಮ್ಮಲ್ಲೂ ಗಾಳಿ ಬಿಟ್ಟಿರಲಿಲ್ಲ. ಬೀಚಿನ ರಸ್ತೆಗೆ ಅಲೆ ಹತ್ತಿತ್ತು. ನಮ್ಮ ಬೀದಿಯ ಬಾದಾಮಿ ಮರ ತಂತಿಯ ಮೇಲೆ ಮುರಿದುಬಿತ್ತು, ನನ್ನ ಫೋನು ಸತ್ತಿತು. ರಿಸೀವರು ಎತ್ತಿದರೆ ಉಸಿರೇ ಇಲ್ಲ. ಕೀಲಿ ನನ್ನ ಸೊಂಟದಲ್ಲಿ ಇತ್ತು ನೋಡು, ಬೀಗ ತೆಗೆದೆ, ಏನು ತಿರುಗಿಸಲಿ? ರೇಡಿಯೋದಲ್ಲಿ ಕೃಷ್ಣಾ ಜಿಲ್ಲೆ, ಕೃಷ್ಣಾ ಜಿಲ್ಲೆ ಅನ್ನುತ್ತಿದ್ದರು. ನೀವು ಮೂವರೂ ಅಲ್ಲಿ, ನದಿಯ ಮಗ್ಗುಲಲ್ಲಿ. ಭಾನುವಾರ ಫೋನು ಮಾಡಬೇಡ ಅಂದವಳು ನಾನು.

ಬೂತಿಗೆ ಹೋದೆ. ಬೇರೆ ದಾರಿಯಿದ್ದರೆ ಹೋಗುತ್ತಿರಲಿಲ್ಲ, ತಿಳಿದುಕೊ. ಅವಳ ಎರಡು ಲೈನಿನಲ್ಲಿ ಒಂದು ಬದುಕಿತ್ತು. ಒಳಗೆ ಜನವೋ ಜನ, ಎಲ್ಲರಿಗೂ ಆ ಕಡೆ ಯಾರೋ ಒಬ್ಬರು ಇದ್ದರು. ನಾನು ಮೆಟ್ಟಿಲ ಕೆಳಗೇ ನಿಂತೆ. ಹೈಮಾವತಿ ನೋಡಿದಳು. "ಪೆದ್ದಮ್ಮಗಾರೂ, ಲೋಪಲಿಕಿ ರಂಡಿ, ಕೂರ್ಚೋಂಡಿ" ಅಂದಳು. ದೊಡ್ಡಮ್ಮನವರೇ, ಒಳಗೆ ಬನ್ನಿ, ಕೂತುಕೊಳ್ಳಿ. ಲಕ್ಷ್ಮೀಕಾಂತಮ್ಮ ಬೆಂಚಿನ ಮೇಲೆ ಸರಿದು ಜಾಗ ಕೊಟ್ಟಳು. ಕೂತೆ. ಕೂತ ಮೇಲೆ ಒಂದು ಯೋಚನೆ ಬಂತು, ಬೇಡದ ಯೋಚನೆ. ನನ್ನ ಮನೆಗೆ ಇವರೆಲ್ಲ ಇಷ್ಟು ವರ್ಷ ಬಂದರಲ್ಲ, ಕಾಲೊರಸಿನ ಮೇಲೆ ನಿಂತೇ ಮಾತಾಡಿ ಹೋದರು. ಕೂರಿ ಅಂತ ನಾನು ಅಂದಿದ್ದೆನೇ? ಫೋನಿನ ಪಕ್ಕ ಇದ್ದದ್ದು ಒಂದೇ ಕುರ್ಚಿ, ಅದರಲ್ಲಿ ನಾನು ಕೂರುತ್ತಿದ್ದೆ.

ನನ್ನ ಸರದಿ ಬಂತು. ನಿನಗೆ ಫೋನಿಲ್ಲ, ನೀನು ಮಾಡುವುದು ಭವಾನಿಪುರಂ ಬೂತಿನಿಂದ, ಅದರ ನಂಬರು ನನ್ನಲ್ಲಿಲ್ಲ. ಎಂದೂ ಕೇಳಿಕೊಂಡಿಲ್ಲ, ಮಾಡುವವಳು ನೀನು ತಾನೆ. ಏನು ಹೇಳಲಿ ಅಂತ ಒದ್ದಾಡುತ್ತಿದ್ದರೆ ಅವಳು ಆಗಲೇ ತಿರುಗಿಸುತ್ತಿದ್ದಳು.

"ನಂಬರು ನಿಂಗೆ ಹೇಗೆ ಗೊತ್ತು?"

"ಕಾಮೇಶ್ವರರಾವುಗಾರಿ ಬೂತು ಅಲ್ವಾ ಪೆದ್ದಮ್ಮ. ಪ್ರತಿ ಶುಕ್ರವಾರ ಅಲ್ಲಿಂದಲೇ ಬರೋದು."

ಅವಳ ಹಿಂದಿನ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಊರೂರ ಬೂತುಗಳ ನಂಬರು. ಅದರಲ್ಲಿ ನಿನ್ನದು. ನನ್ನ ತಂಗಿ ಅವಳ ಗೋಡೆಯ ಮೇಲಿದ್ದಳು ಕಣೇ, ನನ್ನ ಮನೆಯಲ್ಲಿ ಎಲ್ಲೂ ಇರಲಿಲ್ಲ. ಆ ಹೊತ್ತಿನಲ್ಲೂ ನನಗೆ ಹೊಟ್ಟೆ ಉರಿಯಿತು. ದೇವರು ನನಗೆ ಎಂಥ ಹೊಟ್ಟೆ ಕೊಟ್ಟಿದ್ದಾನೋ.

ಲೈನು ಸಿಗಲಿಲ್ಲ. ಅವಳು ತಿರುಗಿಸುತ್ತಲೇ ಇದ್ದಳು, ಬೇರೆಯವರಿಗೆ ಒಮ್ಮೆ, ನನಗೆ ಒಮ್ಮೆ. ಬೆರಳು ಕೆಂಪಾಗಿತ್ತು. ಸಂಜೆ ಮನೆಗೆ ಹೋಗಿ, ಸಿಕ್ಕರೆ ಕರೆಯುತ್ತೇನೆ ಅಂದಳು. ಹೇಗೆ ಕರೆಯುತ್ತೀಯ, ಆ ಕಾಲಿನಲ್ಲಿ, ಈ ನೀರಿನಲ್ಲಿ ಅಂತ ಬಾಯಿಗೆ ಬಂತು. ಸೆರಗು ತಲೆಗೆ ಹೊದ್ದು ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಒಲೆ ಹಚ್ಚದೆ ಕೂತಿದ್ದೆ. ತಟ್ಟೆ ಬಡಿಯುವ ಸದ್ದು. ನನ್ನದು ಅಟ್ಟದ ಮೇಲಿದೆಯಲ್ಲ, ಇದು ಯಾರದು? ಒಂದೇಟು. ಲಕ್ಷ್ಮೀಕಾಂತಮ್ಮನಿಗೆ ಅಂದುಕೊಂಡೆ. ಎರಡು. ಮೇಷ್ಟರಿಗೆ. ಮೂರು, ಗಂಗಾಭವಾನಿಗೆ. ನಿಲ್ಲಲಿಲ್ಲ. ನಾಲ್ಕು, ಐದು, ಬಡಿಯುತ್ತಲೇ ಇದೆ. ಆಗ ಹೊಳೆಯಿತು. ಬೀದಿಯ ಎಲ್ಲ ಮನೆಗೂ ಏಟಿನ ಲೆಕ್ಕ ಇಟ್ಟವಳು ನಾನು, ನನ್ನ ಮನೆಗೆ ಎಷ್ಟು ಅಂತ ಇಟ್ಟಿರಲಿಲ್ಲ. ಅದರ ಅಗತ್ಯ ಬೀಳುತ್ತದೆ ಅಂತ ಅಂದುಕೊಂಡಿರಲಿಲ್ಲ. ಲೆಕ್ಕವಿಲ್ಲದ ಏಟು ನನ್ನದೇ.

ಎರಡು ಕಾಲಿಗೆ ಎರಡು ಬೇರೆ ಚಪ್ಪಲಿ ಹಾಕಿಕೊಂಡು ನೀರಿನಲ್ಲಿ ಓಡಿದೆ. ಅವಳು ಬೂತಿನ ಬಾಗಿಲಿಗೆ ಒರಗಿ ನಿಂತು ಸ್ಟೀಲು ತಟ್ಟೆಗೆ ಬೀಗದ ಕೈಯಿಂದ ಬಡಿಯುತ್ತಿದ್ದಳು. "ಬೇಗ ಪೆದ್ದಮ್ಮ, ಅವರೇ ಮಾಡಿದಾರೆ!" ಆ ಕಾಮೇಶ್ವರರಾವು ಅನ್ನುವವನು ನೀರು ಇಳಿದ ಕೂಡಲೇ ನಿನ್ನ ಮನೆ ಹುಡುಕಿಕೊಂಡು ಬಂದು ಕರೆದುಕೊಂಡು ಹೋದನಂತಲ್ಲ. ಇವಳು ಅವನ ಮುಖ ನೋಡಿಲ್ಲ, ಅವನು ಇವಳ ಮುಖ ನೋಡಿಲ್ಲ. ಇವಳು ರಾತ್ರಿಯೇ ಹೇಗೋ ಒಂದು ಸಲ ಲೈನು ಹಿಡಿದು ಹೇಳಿದ್ದಳಂತೆ, ಕನ್ನಡದ ಕಮಲಮ್ಮನವರ ಅಕ್ಕ ಇಲ್ಲಿ ಅನ್ನ ಬಿಟ್ಟು ಕೂತಿದ್ದಾರೆ ಅಂತ. ಅನ್ನ ಬಿಟ್ಟದ್ದು ಅವಳಿಗೆ ಯಾರು ಹೇಳಿದರೋ. ನಾನು ಹೇಳಿಲ್ಲ.

ನಿನ್ನ ದನಿ ಮೊದಲು ಕೇಳಿದವಳು ಅವಳು. ಅದೊಂದನ್ನು ನಾನು ಮರೆಯುವುದಿಲ್ಲ. ನೀವು ಬದುಕಿದ್ದೀರಿ ಅನ್ನುವುದು ನನಗಿಂತ ಮೊದಲು ಅವಳಿಗೆ ತಿಳಿಯಿತು.

ಆಮೇಲೆ ಅವಳು ನನ್ನನ್ನು ಗೂಡಿಗೆ ತಳ್ಳಿ ಬಾಗಿಲು ಎಳೆದಳು. ಬಾಗಿಲು ಮುಚ್ಚಿದ ಮೇಲೆ ನಾನು ಹೇಗೆ ಅತ್ತೆ ಅಂತ ನಿನಗೆ ಗೊತ್ತು. ಬೀದಿಗೆ ಗೊತ್ತಿಲ್ಲ.

ಹೊರಗೆ ಬಂದು ಒಂದು ರೂಪಾಯಿ ಕೊಟ್ಟೆ. ಬೇಡ ಅನ್ನುತ್ತಾಳೆ, ಅಂದರೆ ಬೈಯಬೇಕು ಅಂತಿದ್ದೆ. ತೆಗೆದುಕೊಂಡು ಡಬ್ಬಕ್ಕೆ ಹಾಕಿ ಮುಂದಿನವರ ನಂಬರು ತಿರುಗಿಸಿದಳು. ತೆಗೆದುಕೊಳ್ಳದಿದ್ದರೆ ನಾಳೆ ಅವಳ ಮುಂದೆ ತಲೆ ತಗ್ಗಿಸಿಕೊಂಡು ಹೋಗಬೇಕಾಗಿತ್ತು. ಈಗ ಎತ್ತಿಕೊಂಡೇ ಹೋಗಬಹುದು. ನಾನು ಬೀದಿಯವರಿಂದ ಒಂದು ಕಾಸು ಮುಟ್ಟಿರಲಿಲ್ಲ ಅಂತ ಹೇಳಿಕೊಂಡು ತಿರುಗುತ್ತಿದ್ದೆನಲ್ಲ.

ರೈಲು ಬಿಟ್ಟ ಮೇಲೆ ಪದ್ಮಾಳನ್ನು ಕಳಿಸು. ಟ್ರಂಕು ಗಿಂಕು ನಿನ್ನಿಷ್ಟ.

ಅಕ್ಕ


ವಿಶಾಖಪಟ್ಟಣ
8 ಜೂನ್ 1990

ಕಮಲಾ,

ಪದ್ಮಾ ಟ್ರಂಕಿನ ಸಮೇತ ಬಂದಿದ್ದಾಳೆ. ನೀಲಿ ಟ್ರಂಕು, ಹೊಸದು. ನಡುಮನೆಯಲ್ಲೇ ಇಟ್ಟಿದ್ದಾಳೆ. ನಾನು ದಿನಾ ಅದನ್ನು ದಾಟಿಕೊಂಡೇ ಅಡುಗೆಮನೆಗೆ ಹೋಗಬೇಕು.

ನಿಮ್ಮ ಭಾವನ ನಕ್ಷೆ ಬಿಡಿಸುವ ಕೋಣೆ ಗೊತ್ತಲ್ಲ. ಅವರು ಹೋದ ಮೇಲೆ ಬೀಗ ಹಾಕಿದ್ದೆ, ನಿನಗೂ ತೆಗೆದುಕೊಟ್ಟಿರಲಿಲ್ಲ. ಹೋದ ವಾರ ತೆಗೆದೆ. ನಕ್ಷೆ ಸುರುಳಿಗಳನ್ನೆಲ್ಲ ಅಟ್ಟಕ್ಕೆ ಸಾಗಿಸಿದೆ. ಗೆದ್ದಲು ತಿಂದ ಬಾಗಿಲು ಕೀಳಿಸಿ ಹೊಸದು ಹಾಕಿಸಿದೆ. ಚಿಲಕ ಒಳಗಡೆ ಮಾತ್ರ. ಬಡಗಿ ಶಂಕರಪ್ಪ ರಾಯಚೂರಿನ ಕಡೆಯ ಕನ್ನಡದವನು, "ಹೊರಗೊಂದು ಚಿಲಕ ಬ್ಯಾಡೇನ್ರೀ ಅಮ್ಮಾ?" ಅಂತ ಎರಡು ಸಲ ಕೇಳಿದ. ಬೇಡ ಅಂದೆ. ತಂತಿ ಜೋಡಿಸಲು ಲೈನ್‌ಮ್ಯಾನ್ ಬಂದಾಗ ನಡುಮನೆಯ ಫೋನನ್ನು ಆ ಕೋಣೆಗೆ ಎಳೆಸಿದೆ. ಅವನು ಮೊಳೆ ಕಿತ್ತ ಜಾಗದಲ್ಲಿ ಗೋಡೆಗೆ ಬಿಳಿ ಚೌಕ ಬಿದ್ದಿದೆ. ಅದನ್ನು ನೋಡದ ಹಾಗೆ ಕುರ್ಚಿ ತಿರುಗಿಸಿ ಹಾಕಿಕೊಂಡಿದ್ದೇನೆ.

ಪದ್ಮಾ ಬ್ಯಾಂಕಿನಿಂದ ಬಂದು ನೋಡಿದಳು.

"ಯಾರಿಗೆ ದೊಡ್ಡಮ್ಮ ಈ ಕೋಣೆ?"

"ಫೋನಿಗೆ."

"ಫೋನಿಗೆ ಮಂಚ ಯಾಕೆ?"

"ಅದಕ್ಕೂ ಸುಸ್ತಾಗುತ್ತೆ. ಇಷ್ಟು ವರ್ಷ ನಿಂತೇ ಇತ್ತು."

ನಕ್ಕಳು. ಡಯಲಿನ ಬೀಗದ ಕೀಲಿ ಅವಳ ಕೈಯಲ್ಲಿಟ್ಟೆ. ತಿರುಗಿಸಿ ತಿರುಗಿಸಿ ನೋಡಿದಳು. ಇರುತ್ತೀಯಾ, ಹೋಗುತ್ತೀಯಾ ಅಂತ ನಾನು ಕೇಳಲಿಲ್ಲ. ಕೇಳಲಿಲ್ಲ ಅನ್ನುವುದನ್ನು ಎರಡು ಸಲ ಓದು. "ಅಮ್ಮನ್ನ ಕೇಳಿ ಹೇಳ್ತೀನಿ" ಅಂದಳು ತಾನಾಗಿಯೇ.

ಅವತ್ತು ಸಂಜೆ ಒಳಗೆ ಹೋಗಿ ಚಿಲಕ ಹಾಕಿಕೊಂಡು ಫೋನು ಮಾಡಿದಳು. ನಾನು ಅಡುಗೆಮನೆಯಲ್ಲಿ ಕಡಲೆಕಾಯಿ ಸುಲಿಯುತ್ತ ಕೂತೆ. ನಗು ಕೇಳಿಸಿತು. ಎರಡು ಸಲ ಎದ್ದೆ, ಎರಡು ಸಲ ಕೂತೆ. ಸಿಪ್ಪೆಯನ್ನೂ ಬೀಜವನ್ನೂ ಒಂದೇ ಪಾತ್ರೆಗೆ ಹಾಕಿಬಿಟ್ಟಿದ್ದೆ, ಆಮೇಲೆ ನೋಡಿಕೊಂಡೆ. ನಿನ್ನ ಜೊತೆ ಇರಬೇಕು ಅಂದುಕೊಂಡೆ. ಬೆಳಿಗ್ಗೆ ಗೊತ್ತಾಯಿತು, ಮಾತಾಡಿದ್ದು ಬೂತಿನ ಹೈಮಾವತಿಯ ಜೊತೆ. ನಾಲ್ಕು ಹೆಜ್ಜೆ ದೂರದಲ್ಲಿರುವವಳಿಗೆ ನನ್ನ ಮನೆಯಿಂದ ಫೋನು! ಹೊಸ ಕೋಣೆಯ ಸುದ್ದಿ ಹೇಳಿದಳಂತೆ. ನನ್ನ ಕೋಣೆಯ ಸುದ್ದಿ ಕೂಡ ಮೊದಲು ಅವಳಿಗೇ ಹೋಯಿತು. ಇರಲಿ. ಉರಿಯಿತು, ನಿನಗೆ ಸುಳ್ಳು ಹೇಳುವುದಿಲ್ಲ. ಆದರೆ ಬಾಗಿಲು ತಟ್ಟಲಿಲ್ಲ.

ಹಿತ್ತಾಳೆ ತಟ್ಟೆಯನ್ನು ಅವಳಿಗೇ ಕೊಟ್ಟುಬಂದೆ. ಅವಳ ಸ್ಟೀಲು ತಟ್ಟೆ ಸೊಟ್ಟಗಾಗಿದೆ, ಸದ್ದೂ ಸರಿಯಿಲ್ಲ. ಯಾರಿಗೆ ಎಷ್ಟು ಏಟು ಅಂತ ಹೇಳಿಕೊಟ್ಟೆ. "ಮತ್ತೆ ನಿಮಗೆ ಎಷ್ಟು ಪೆದ್ದಮ್ಮ?" ಅಂದಳು. ನನಗೆ ಬೇಡ, ನನ್ನ ಮನೆಯಲ್ಲಿ ಫೋನಿದೆ ಅಂದೆ. ಸೌಟು ಕೊಡಲಿಲ್ಲ. ಅದು ಅಮ್ಮನದು. ಬರುವಾಗ ಒಂದು ಬಟ್ಟಲು ಆವಕಾಯ ಹಿಡಿಸಿದಳು, ಲಕ್ಷ್ಮೀಕಾಂತಮ್ಮ ಕೊಟ್ಟದ್ದರಲ್ಲೇ. ಮನೆಗೆ ತಂದೆ. ಈ ವರ್ಷ ಉಪ್ಪು ಜಾಸ್ತಿ ಹಾಕಿದ್ದಾಳೆ.

ಈಗ ನಿನ್ನ ವಿಷಯ. ನೀನು ಇನ್ನು ಶುಕ್ರವಾರ ಇಲ್ಲಿಗೇ ಮಾಡು, ಪದ್ಮಾ ತೆಗೆಯುತ್ತಾಳೆ. ನಾನು ಹಿಂದೆ ನಿಲ್ಲುವುದಿಲ್ಲ, ನಿಲ್ಲಲು ಜಾಗವೂ ಇಲ್ಲ, ಬಾಗಿಲಿದೆ. ನೀವಿಬ್ಬರೂ ಏನು ಬೇಕಾದರೂ ಮಾತಾಡಿಕೊಳ್ಳಿ, ನನ್ನನ್ನೂ ಬೈದುಕೊಳ್ಳಿ. ಆದರೆ ಅವಳು ಇಲ್ಲಿರುತ್ತಾಳೋ ಹಾಸ್ಟೆಲಿಗೆ ಹೋಗುತ್ತಾಳೋ ಅನ್ನುವುದನ್ನು ಫೋನಿನಲ್ಲಿ ಹೇಳಿ ಅವಳ ಬಾಯಿಂದ ನನಗೆ ಹೇಳಿಸಬೇಡ. ಬೂತಿನವಳ ಬಾಯಿಂದ ಕೇಳಿಸಲೇಬೇಡ. ಫೋನು ಈಗ ಪದ್ಮಾಳದಾಯಿತು. ನನ್ನದು ಅಂತ ಈ ಕಾಗದ ಒಂದು ಉಳಿದಿದೆ, ಇದನ್ನು ಯಾರ ಜೊತೆಯೂ ಹಂಚಿಕೊಳ್ಳುವುದಿಲ್ಲ. ಕವರಿನ ಮೇಲೆ ನನ್ನ ಹೆಸರು ಮಾತ್ರ ಬರಿ. ಅಂಟು ಚೆನ್ನಾಗಿ ಹಚ್ಚು. ನಾನೇ ಒಡೆದು ನಾನೇ ಮೊದಲು ಓದಬೇಕು.

ಇರುತ್ತಾಳೋ, ಹೋಗುತ್ತಾಳೋ, ಒಂದೇ ಮಾತು. ನಿನ್ನ ಕೈಯಲ್ಲೇ ಬರೆದು, ಜೂನ್ ಇಪ್ಪತ್ತರೊಳಗೆ ನನಗೆ ಮುಟ್ಟಿಸು.

ಅನಸೂಯಾ